ಪೇಸ್ಟಕ್ಕನ ಅಪರಿಚಿತ ದನಿ

ಆ ಕೋಣೆಗೆ ಕಾಲಿಟ್ಟರೆ ಎಂಥವರಿಗೂ ಆಕಳಿಕೆ ಬರುತ್ತಿತ್ತು. ಆಸ್ಪತ್ರೆಯ ಮೂರನೇ ಮಹಡಿಯ ತುದಿಯಲ್ಲಿತ್ತು ಅದು. ಗೋಡೆಗೆಲ್ಲ ಸದ್ದು ನುಂಗುವ ಮೆತ್ತನೆಯ ಹಲಗೆ, ಕಿಟಕಿಗೆ ಎರಡು ಪದರದ ಕಂದು ಪರದೆ, ನಡುವೆ ಒಂದು ಒರಗು ಕುರ್ಚಿ, ಮೂಲೆಯಲ್ಲಿ ಬಿಸಿನೀರು ಬರುವ ಸಿಂಕು. ಹೊರಗೆ ಮಟಮಟ ಮಧ್ಯಾಹ್ನವಾದರೂ ಒಳಗೆ ಸದಾ ಮುಸ್ಸಂಜೆ. ಯಂತ್ರದ ಗುಂಯ್ ಎನ್ನುವ ಸಣ್ಣ ಸದ್ದು ಕೇಳುತ್ತ ಕೇಳುತ್ತ ನಾವು ಎಚ್ಚರವಿದ್ದೇವೋ ಕನಸು ಕಾಣುತ್ತಿದ್ದೇವೋ ಎಂಬುದೇ ಮರೆತುಹೋಗುತ್ತಿತ್ತು. ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ವರದಿ ಟೈಪು ಮಾಡುತ್ತಿದ್ದವಳು ನಾನು. ಊಟದ ಡಬ್ಬಿ ಮುಗಿಸಿ ಆ ಕುರ್ಚಿಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚುವುದು ನನ್ನ ಹಕ್ಕು ಎಂದೇ ತಿಳಿದಿದ್ದೆ. ಯಾರಾದರೂ ಬಂದು ಎಬ್ಬಿಸಿದರೆ, ಕುರ್ಚಿ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದೆ ಎನ್ನುತ್ತಿದ್ದೆ.

ಆ ಕೋಣೆಯ ಯಜಮಾನಿ ಪೇಸ್ಟಕ್ಕ. ರೋಗಿಗಳ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವುದು ಅವಳ ಕೆಲಸ. ತಂತಿ ನಿಲ್ಲಬೇಕೆಂದರೆ ಬಿಳಿ ಪೇಸ್ಟು ಹಚ್ಚಬೇಕು. ಮೂವತ್ತು ವರ್ಷ ಅದನ್ನೇ ಹಚ್ಚಿ ಹಚ್ಚಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನನಗಿಂತ ಹದಿನೈದು ವರ್ಷ ದೊಡ್ಡವಳು. ಆದರೂ ಒಮ್ಮೆ ನಾನು ಬಾಯಿತಪ್ಪಿ 'ನೀವು' ಎಂದದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದಳು.

ಹದಿನೆಂಟರ ವಯಸ್ಸಿನಲ್ಲಿ ಅವಳು ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಲ್ಲಿದ್ದಳಂತೆ. ಅಲ್ಲಿಂದ ಆಯಾ ಆಗಿ ಆಸ್ಪತ್ರೆಗೆ ಬಂದಳು. ಒಂದು ದಿನ ಯಾರೋ ರೋಗಿಗೆ ಬೈತಲೆ ತೆಗೆಯುತ್ತಿದ್ದಾಗ ಆಗಿನ ಹಳೆಯ ಟೆಕ್ನಿಷಿಯನ್ ಕಣ್ಣಿಗೆ ಬಿದ್ದಳು. 'ಇಷ್ಟು ನೇರಕ್ಕೆ ಬೈತಲೆ ತೆಗೆಯೋಳು ತಂತೀನೂ ಸರಿಯಾದ ಜಾಗಕ್ಕೇ ಅಂಟಿಸ್ತಾಳೆ' ಎಂದು ಅವರು ಕೈಹಿಡಿದು ಕೆಲಸ ಕಲಿಸಿದರು. ಅವಳಿಗೆ ಮುಖಗಳು ನೆನಪಿರುತ್ತಿರಲಿಲ್ಲ, ತಲೆಗಳು ನೆನಪಿರುತ್ತಿದ್ದವು. ಬೀದಿಯಲ್ಲಿ ಯಾರಾದರೂ ಹಳೆಯ ರೋಗಿ ನಿಲ್ಲಿಸಿ ಮಾತಾಡಿಸಿದರೆ ಪೆಚ್ಚಾಗಿ ನಗುತ್ತಿದ್ದಳು. ಆಮೇಲೆ 'ಸ್ವಲ್ಪ ತಲೆ ಬಗ್ಗಿಸ್ತೀರಾ?' ಎಂದು ಕೇಳಿ, ನೆತ್ತಿ ನೋಡಿದ ಕೂಡಲೇ 'ಓಹೋ, ನೀವಾ! ಎರಡು ಸುಳಿ!' ಎಂದು ಅರಳುತ್ತಿದ್ದಳು. ನಡುಬೀದಿಯಲ್ಲಿ ತಲೆ ಬಗ್ಗಿಸಿ ನಿಂತ ಆ ಮನುಷ್ಯನ ಪಾಡು ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ನಮ್ಮ ಕೋಣೆಗೆ ಬರುತ್ತಿದ್ದವರು ಮುಖ ನೋಡಿ ಮನಸ್ಸು ಹೇಳಲಾಗದವರು. ರೋಗದಿಂದ ಮುಖದ ಸ್ನಾಯುಗಳೆಲ್ಲ ಬಿಗಿದುಕೊಂಡವರು, ಪಾರ್ಶ್ವವಾಯು ಬಡಿದು ಮಾತು ಹೋದವರು, ದುಃಖದಲ್ಲಿ ಮುಳುಗಿ ಮೇಲೆ ಬಾರದವರು. ಇವರೊಳಗೆ ಭಾವನೆ ಏಳುತ್ತದೆಯೋ ಇಲ್ಲವೋ ಎಂದು ಮಿದುಳಿನ ಅಲೆ ನೋಡಿ ತಿಳಿಯಬೇಕು. ಪರೀಕ್ಷೆ ಸರಳ. ಕಿವಿಗೆ ಹೆಡ್‌ಫೋನು ಹಾಕಿ 'ಕಿಟಕಿ ತೆರೆದಿದೆ' ಎಂಬ ಒಂದೇ ವಾಕ್ಯವನ್ನು ಎರಡು ದನಿಗಳಲ್ಲಿ ಕೇಳಿಸುವುದು. ಒಂದು ಮನೆಯವರ ದನಿ, ಇನ್ನೊಂದು ಅಪರಿಚಿತರ ದನಿ. ಹಾಡಿದ್ದೇ ಹಾಡೋ ಕಿಸಬಾಯಿದಾಸನ ಹಾಗೆ ಒಂದೊಂದೂ ನಲವತ್ತು ಸಲ. ಕೇಳಿದ್ದು ಮನಸ್ಸಿಗೆ ತಾಗಿದರೆ ಅರೆಕ್ಷಣದೊಳಗೆ ಅಲೆ ಉಬ್ಬಿ ಗುಡ್ಡದಂತಾಗುತ್ತದೆ. ಯಂತ್ರ ಮನೆಯವರ ಗುಡ್ಡದಿಂದ ಅಪರಿಚಿತರ ಗುಡ್ಡವನ್ನು ಕಳೆದು ಉಳಿದದ್ದನ್ನು ಮಾತ್ರ ಕಾಗದಕ್ಕೆ ಹಾಕುತ್ತಿತ್ತು. ಉಳಿದರೆ ಭಾವನೆ ಉಂಟು, ಉಳಿಯದಿದ್ದರೆ ಇಲ್ಲ.

ಪರೀಕ್ಷೆ ಮಾಡುವವರು ರೋಗಿಯ ಜೊತೆ ನಾಲ್ಕೇ ಮಾತಾಡಬೇಕು ಎಂದು ನಿಯಮವಿತ್ತು: ಕೂತುಕೊಳ್ಳಿ, ಅಲ್ಲಾಡಬೇಡಿ, ಕೇಳಿಸಿಕೊಳ್ಳಿ, ಮುಗಿಯಿತು. ಆಮೇಲೆ ಒದ್ದೆ ಹತ್ತಿಯಲ್ಲಿ ಪೇಸ್ಟು ಒರೆಸಿ ಕಳಿಸಬೇಕು. ಪೇಸ್ಟಕ್ಕ ಕೂರಿಸಿ ತಲೆ ತೊಳೆಯುತ್ತಿದ್ದಳು. 'ಕೂದಲಲ್ಲಿ ಅಂಟು ಒಣಗಿಸ್ಕೊಂಡು ಹೋಗೋದು ಅಂದ್ರೇನು, ತಲೆ ಅಂದ್ರೆ ಅಂಚೆ ಕವರಾ?' ಎನ್ನುತ್ತಿದ್ದಳು. ತೊಳೆಯುವಾಗ ಅವಳ ಬಾಯಿ ಸುಮ್ಮನಿರುವುದುಂಟೇ? ಗಂಡನ ಗೊರಕೆ, ತಂಗಿಯ ಮಗಳ ಪರೀಕ್ಷೆ, ಬಸ್ಸಿನಲ್ಲಿ ಕಾಲು ತುಳಿದವನು, ಎಲ್ಲ ಬರುತ್ತಿತ್ತು. ನಾನು ಗೋಡೆಯಾಚೆಯಿಂದ 'ಅಕ್ಕಾ, ತಲೆ ತಿನ್ನಬೇಡ ಅವರ್ದು' ಎಂದರೆ, 'ನಾನು ತೊಳೀತಿದೀನಿ, ತಿನ್ನೋದು ನೀನು' ಎಂದು ಅಲ್ಲಿಂದಲೇ ಉತ್ತರ.

ಅತಿ ಹೆಚ್ಚು ಕೇಳಿಸಿಕೊಂಡವಳು ಗುಂಡಿಯಮ್ಮ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಗಸು. ಮಿದುಳು ಜ್ವರ ಬಂದು ಹೋದ ಮೇಲೆ ಮಾತಿಲ್ಲ, ನಗುವಿಲ್ಲ, ಅಳುವೂ ಇಲ್ಲ. ನಡೆಸಿದರೆ ನಡೆಯುವಳು, ಉಣಿಸಿದರೆ ಉಣ್ಣುವಳು. ಬಲಗೈ ಹೆಬ್ಬೆರಳು ಮಾತ್ರ ಅಂಗಿಯ ಮೇಲಿನ ಗುಂಡಿಯನ್ನು ಹಗಲೆಲ್ಲ ಸವರುತ್ತಿತ್ತು. ಆರು ವರ್ಷದಿಂದ ನಮ್ಮಲ್ಲೇ ಇದ್ದಳು. ವಾರ್ಡಿನಲ್ಲಿ ಬಿಸಿನೀರು ಸರಿಯಾಗಿ ಬಾರದೆ ನರ್ಸಮ್ಮ ಅವಳನ್ನು ಪ್ರತಿ ಗುರುವಾರ ಮಧ್ಯಾಹ್ನ ಪೇಸ್ಟಕ್ಕನ ಸಿಂಕಿಗೇ ತಂದು ಕೂರಿಸುತ್ತಿದ್ದಳು. ಪೇಸ್ಟಕ್ಕ ಅವಳಿಗೆ ಹೇಳದ ಗುಟ್ಟಿರಲಿಲ್ಲ. 'ಇವಳಿಗೆ ಹೇಳಿದ್ದು ಎಲ್ಲಿಗೂ ಹೋಗಲ್ಲ, ನಿನಗೆ ಹೇಳಿದ್ರೆ ಸಂಜೆಯೊಳಗೆ ಕ್ಯಾಂಟೀನಲ್ಲಿ ಇರುತ್ತೆ' ಎಂದು ನನ್ನನ್ನು ಚುಚ್ಚುತ್ತಿದ್ದಳು. ನೀರಿನ ಹಬೆ, ಸೋಪಿನ ವಾಸನೆ, ಅವಳ ಎಳೆಎಳೆಯಾದ ಮಾತು, ಆ ಮಬ್ಬು ಬೆಳಕು ಸೇರಿ ಗುರುವಾರದ ಮಧ್ಯಾಹ್ನ ನನಗೂ ಜೋಂಪು ಹತ್ತುತ್ತಿತ್ತು. ನಾನು ಟೈಪು ಮಾಡಿದ ತಪ್ಪುಗಳಲ್ಲಿ ಅರ್ಧ ಗುರುವಾರದ್ದೇ.

ಗುಂಡಿಯಮ್ಮನಿಗೆ ಇದ್ದ ಒಂದೇ ಕರುಳು ಅವಳ ತಮ್ಮ, ಲಾರಿ ಓಡಿಸುವವನು. ಪರೀಕ್ಷೆಗೆ ದನಿ ಕೊಟ್ಟವನೂ ಅವನೇ. ಮೊದಲು ವಾರವಾರವೂ ಬರುತ್ತಿದ್ದ. ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ಮೊದಲ ಮೂರು ವರ್ಷ ಅಷ್ಟಿಷ್ಟು ಉಳಿಯುತ್ತಿತ್ತು, ಆಮೇಲೆ ಎರಡು ವರ್ಷ ಸಾಲಾಗಿ ಏನೂ ಉಳಿಯಲಿಲ್ಲ. 'ಭಾವನಾತ್ಮಕ ಪ್ರತಿಕ್ರಿಯೆ ಕಂಡುಬಂದಿಲ್ಲ' ಎಂದು ನಾನೇ ಟೈಪು ಮಾಡಿದೆ. ಅದನ್ನು ಓದಿಕೊಂಡು ಹೋದವನು ತಿಂಗಳಿಗೊಮ್ಮೆ ಬರತೊಡಗಿದ. ಆಮೇಲೆ ಸಹಿ ಬೇಕೆಂದು ಕರೆದರೆ ಮಾತ್ರ ಬಂದ.

ಮೂರನೇ ವರ್ಷವೂ ಹಾಗೇ ಆದರೆ ರೋಗಿಯನ್ನು ಹಿಂದಿನ ಕಟ್ಟಡಕ್ಕೆ ಕಳಿಸುವುದು ನಮ್ಮಲ್ಲಿದ್ದ ಪದ್ಧತಿ. ಮುಂದಿನ ವಾರ್ಡಿನಲ್ಲಿ ಹತ್ತೇ ಹಾಸಿಗೆ. ಅಲ್ಲಿ ಮಾತು ಕಲಿಸುವವರು ದಿನಾ ಒಂದು ಗಂಟೆ ಎದುರು ಕೂತು ಮಾತಾಡಿಸುತ್ತಾರೆ. ಹಿಂದಿನ ಕಟ್ಟಡದಲ್ಲಿ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಬಟ್ಟೆ ಎಲ್ಲ ಉಂಟು, ಎದುರು ಕೂರುವವರು ಮಾತ್ರ ಇಲ್ಲ. ಅಲ್ಲಿಂದ ವಾಪಸು ಬಂದವರನ್ನು ಆವರೆಗೆ ನಾನು ಕಂಡಿರಲಿಲ್ಲ. ಆ ವರ್ಷ ಒಂದು ಸೋಮವಾರ ಗುಂಡಿಯಮ್ಮನ ಆ ಮೂರನೇ ವರ್ಷದ ಪರೀಕ್ಷೆ ಆಯಿತು. ಯಂತ್ರ ಸೊನ್ನೆಗಿಂತಲೂ ಕೆಳಗೆ ಒಂದು ಗೆರೆ ಎಳೆದು ಕೊಟ್ಟಿತು. ಮುಂದಿನ ಸೋಮವಾರ ಸಾಗಿಸುವುದು ಎಂದು ದೊಡ್ಡ ಡಾಕ್ಟರಮ್ಮ ಬರೆದರು. ಪೇಸ್ಟಕ್ಕ ಆ ದಿನ ಊಟ ಮಾಡಲಿಲ್ಲ.

ಆ ಗುರುವಾರ ಪೇಸ್ಟಕ್ಕನ ಗಂಟಲು ಕಟ್ಟಿತ್ತು. ನೆಗಡಿ ಜಡಿದು ದನಿಯೇ ಹೊರಡುತ್ತಿರಲಿಲ್ಲ. 'ಅಬ್ಬಾ, ಇವತ್ತಾದ್ರೂ ಕಿವಿಗೆ ರಜೆ' ಎಂದು ನಾನು ಛೇಡಿಸಿದೆ. ಅವಳು ನಗಲಿಲ್ಲ. ಕೊನೆಯ ಸಲ ತೊಳೆಯುತ್ತಿದ್ದೇನೆ ಎಂಬ ಸಂಕಟ ಬೇರೆ. ಗುಂಡಿಯಮ್ಮನ ತಲೆಯನ್ನು ಸಿಂಕಿಗೆ ಒರಗಿಸಿ ಸುಮ್ಮನೆ ನೀರು ಹಾಕಿದಳು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಾನು ಕೀಲಿ ಒತ್ತುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತೆ.

ಆಗ ಗುಂಡಿಯಮ್ಮ ಅಲ್ಲಾಡಿದಳು. ಆರು ವರ್ಷದಲ್ಲಿ ಆ ಹೆಬ್ಬೆರಳು ಬಿಟ್ಟು ತಾನಾಗಿ ಏನನ್ನೂ ಅಲ್ಲಾಡಿಸದವಳು ಕುತ್ತಿಗೆ ಎತ್ತಿದಳು, ಹಿಂದಕ್ಕೆ ತಿರುಗಿಸಿದಳು, ಸೋಪಿನ ನೀರೆಲ್ಲ ಅವಳ ಬೆನ್ನಿಗೂ ನೆಲಕ್ಕೂ ಸುರಿಯಿತು. ಪೇಸ್ಟಕ್ಕ ಮೆಲ್ಲಗೆ ಒರಗಿಸಿದರೆ ಮತ್ತೆ ಎತ್ತಿದಳು. ಏನನ್ನೋ ಹುಡುಕುವವರ ಹಾಗೆ ತಲೆ ಅತ್ತ ಇತ್ತ ಹೊರಳಿಸಿದಳು. ಹೆಬ್ಬೆರಳು ಗುಂಡಿಯ ಮೇಲೆ ನಿಂತೇಬಿಟ್ಟಿತ್ತು.

ಪೇಸ್ಟಕ್ಕ ಒದ್ದೆ ಕೈಯಲ್ಲೇ ನಲ್ಲಿ ನಿಲ್ಲಿಸಿದಳು. ಆಮೇಲೆ ಗುಂಡಿಯಮ್ಮನ ತಲೆ ಒರೆಸಿ, ನರ್ಸಮ್ಮನ ಕೈಗೆ ಒಪ್ಪಿಸಿ, ನೇರ ಯಂತ್ರದ ಮುಂದೆ ಕೂತಳು. ಕಳೆದು ಉಳಿದದ್ದನ್ನಲ್ಲ, ಕಳೆಯುವ ಮೊದಲಿನ ಎರಡು ಅಲೆಗಳನ್ನೂ ಬೇರೆ ಬೇರೆ ತೆಗೆದಳು. ಹಾಗೆ ನೋಡುವ ರೂಢಿ ಯಾರಿಗೂ ಇರಲಿಲ್ಲ. ತಮ್ಮನ ದನಿಗೆ ಒಂದು ಸಣ್ಣ ದಿಬ್ಬ ಎದ್ದಿತ್ತು. ಅಪರಿಚಿತ ದನಿಗೆ ಎದ್ದದ್ದು ಬೆಟ್ಟ.

'ಅದಲುಬದಲು ಮಾಡಿಬಿಟ್ನಾ?' ಪಿಸುಗುಟ್ಟಿದಳು. ಒಂದೊಂದು ಗುರುತನ್ನೂ ಮೂರು ಸಲ ನೋಡಿದಳು. ಎಲ್ಲ ಸರಿಯಾಗೇ ಇತ್ತು.

'ಯಾರ ದನಿ ಅದು, ಕೇಳೋಣ ಕೊಡು' ಎಂದು ನಾನು ಹೆಡ್‌ಫೋನು ಕಿತ್ತುಕೊಂಡೆ. ಆ ದನಿ ರೋಗಿಯ ಕಿವಿಗೆ ಬಿಟ್ಟರೆ ಹೊರಗೆ ಕೇಳುತ್ತಿರಲಿಲ್ಲ. ನಾನು ಅದನ್ನು ಕೇಳಿದ್ದು ಅದೇ ಮೊದಲು. 'ಕಿಟಕಿ ತೆರೆದಿದೆ' ಎಂದಿತು.

'ಅಕ್ಕಾ! ಇದು ನಿನ್ನ ದನಿ!'

ಹನ್ನೆರಡು ವರ್ಷದ ಹಿಂದೆ, ಆಗಿದ್ದ ಡಾಕ್ಟರಿಗೆ ಯಾವ ರೋಗಿಗೂ ಗುರುತಿಲ್ಲದ ಒಂದು ದನಿ ತುರ್ತಾಗಿ ಬೇಕಾಗಿತ್ತು. ಹತ್ತಿರ ಯಾರೂ ಇಲ್ಲದೆ ಪೇಸ್ಟಕ್ಕನೇ ಕೂತು ಹೇಳಿದ್ದಳು. ಆ ಡಾಕ್ಟರು ಹೋದರು, ಹೊಸಬರು ಬಂದರು, ಆ ದನಿ 'ಅಪರಿಚಿತ' ಎಂಬ ಹೆಸರಿನಲ್ಲಿ ಯಂತ್ರದೊಳಗೆ ಉಳಿಯಿತು. ಅವಳೂ ಮರೆತಳು. ಒಂದು ಸಲ ಬಂದು ಹೋಗುವವರಿಗೆ ಅವಳು ಅಪರಿಚಿತಳೇ, ತೊಂದರೆಯಿಲ್ಲ. ವರ್ಷಗಟ್ಟಲೆ ಇದ್ದವರಿಗೆ? ಆರು ವರ್ಷ ಪ್ರತಿ ಗುರುವಾರ ತಲೆ ಸವರಿದ ದನಿಯನ್ನು ಅಪರಿಚಿತವೆಂದು ಲೆಕ್ಕ ಹಾಕಿ, ತಮ್ಮನ ದನಿಯಿಂದ ಅದನ್ನು ಕಳೆದಿದ್ದೆವು. ಇಂಥ ತಪ್ಪು ಮಾಡಲು ನಮ್ಮಂಥವರೇ ಬೇಕು.

ನಾನು ಬೇಗ ಬೇಗ ಯೋಚನೆ ಮಾಡಿದೆ. ಪೇಸ್ಟಕ್ಕ ನಿವೃತ್ತಿಯಾಗಲು ಎಂಟೇ ತಿಂಗಳಿತ್ತು.

'ಬಾಯಿ ಬಿಡಬೇಡ. ದನಿ ಬದಲಾಯಿಸಿ, ಯಂತ್ರ ಕೆಟ್ಟಿತ್ತು ಅಂತ ಹೇಳಿ ಇನ್ನೊಂದು ಸಲ ಪರೀಕ್ಷೆ ಮಾಡೋಣ. ಗುಂಡಿಯಮ್ಮನೂ ಉಳೀತಾಳೆ, ನೀನೂ ಉಳೀತೀಯ.'

ಅವಳು ಒಂದು ಚೀಟಿ ಎಳೆದುಕೊಂಡು ಬರೆದಳು: 'ಹಿಂದಿನ ಕಟ್ಟಡಕ್ಕೆ ಈಗಾಗಲೇ ಹೋದವರಲ್ಲಿ ನಾನು ತಲೆ ತೊಳೆದವರು ಎಷ್ಟು ಜನ?'

ಇಬ್ಬರಿದ್ದರು. ಅವರ ವರದಿಗಳನ್ನೂ ನಾನೇ ಟೈಪು ಮಾಡಿದ್ದೆ. ಎರಡು ಬೆರಳು ಎತ್ತಿ ತೋರಿಸಿದೆ, ಅವಳು ಚೀಟಿ ಹಿಡಿದು ಎದ್ದಳು.

ದೊಡ್ಡ ಡಾಕ್ಟರಮ್ಮನ ಮುಂದೆ ನಿಂತಾಗ ನಗಬೇಕೋ ಅಳಬೇಕೋ ತಿಳಿಯದ ಪರಿಸ್ಥಿತಿ. ತಪ್ಪು ಅವಳದು, ದನಿ ನನ್ನದು. ಅವಳು ಬರೆದದ್ದನ್ನು ನಾನು ಓದಬೇಕು. 'ನಾನು ನಿಯಮ ಮೀರಿ ರೋಗಿಗಳ ತಲೆ ತೊಳೆದಿದ್ದೇನೆ. ತೊಳೆಯುವಾಗ ಮಾತಾಡಿದ್ದೇನೆ. ಅಪರಿಚಿತ ದನಿ ನನ್ನದೇ' ಎಂದು ನಾನು ಓದುತ್ತ ಹೋದಂತೆ ಡಾಕ್ಟರಮ್ಮ ಕೆಂಪಾದದ್ದು ನನ್ನ ಮೇಲೆ.

'ಹನ್ನೆರಡು ವರ್ಷದ ಕೆಲಸ! ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲ! ನಾಲ್ಕು ಮಾತು ಅಂದ್ರೆ ನಾಲ್ಕು ಮಾತು. ನಿಮಗೆ ಬಾಯಿ ಕಟ್ಟೋಕೆ ಅಷ್ಟು ಕಷ್ಟನಾ?'

'ನನಗಲ್ಲ ಮೇಡಂ, ಇವಳಿಗೆ' ಎಂದೆ.

ಪೇಸ್ಟಕ್ಕ ಇನ್ನೊಂದು ಚೀಟಿ ಮುಂದಿಟ್ಟಳು. ಅದನ್ನು ಡಾಕ್ಟರಮ್ಮ ತಾವೇ ಓದಿಕೊಂಡರು. 'ನನಗೆ ಏನು ಬೇಕಾದರೂ ಮಾಡಿ. ಸೋಮವಾರದೊಳಗೆ ಗುಂಡಿಯಮ್ಮನನ್ನು ಇನ್ನೊಂದು ಸಲ ಪರೀಕ್ಷೆ ಮಾಡಿ' ಎಂದು ಬರೆದಿತ್ತು. ಡಾಕ್ಟರಮ್ಮ ಚೀಟಿ ಮಡಚಿ ಮೇಜಿನ ಮೇಲಿಟ್ಟರು. ಕೊನೆಗೆ ಕನ್ನಡಕ ತೆಗೆದು, 'ಅಪರಿಚಿತರು ಯಾರಾದ್ರೂ ಸಿಕ್ತಾರಾ ನೋಡಿ, ನಿಜವಾದ ಅಪರಿಚಿತರು' ಎಂದರು.

ಸಿಕ್ಕಿದವನು ಲಿಫ್ಟ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ಕು. 'ಕಿಟಕಿ ತೆರೆದಿದೆ ಅನ್ನಪ್ಪ' ಎಂದರೆ ಅವನು ಕಿಟಕಿ ಮುಚ್ಚಲು ಎದ್ದ. ಐದು ಸಲ ತಿದ್ದಿದ ಮೇಲೆ ಹೇಳಿದ. ಶನಿವಾರ ಗುಂಡಿಯಮ್ಮನಿಗೆ ಮೂರು ದನಿಗಳನ್ನೂ ಕೇಳಿಸಿದೆವು. ಮೆಕ್ಯಾನಿಕ್ಕಿನ ದನಿಗೆ ಅಲೆ ಮಲಗಿಯೇ ಇತ್ತು. ತಮ್ಮನ ದನಿಗೆ ಅದೇ ಸಣ್ಣ ದಿಬ್ಬ. ಪೇಸ್ಟಕ್ಕನ ದನಿಗೆ ಬೆಟ್ಟ. ಡಾಕ್ಟರಮ್ಮ ತಮ್ಮ ಕೈಯಾರೆ ಸೋಮವಾರದ ಆದೇಶ ಹೊಡೆದು ಹಾಕಿದರು. ಹಿಂದಿನ ಕಟ್ಟಡದ ಇಬ್ಬರನ್ನೂ ಮತ್ತೆ ಪರೀಕ್ಷೆಗೆ ಕರೆಸಿದರು. ಅವರಲ್ಲಿ ಒಬ್ಬಾತ ವಾಪಸು ಮುಂದಿನ ವಾರ್ಡಿಗೆ ಬಂದ. ಪೇಸ್ಟಕ್ಕನಿಗೆ ಎಚ್ಚರಿಕೆ ಪತ್ರ ಬಂತು. ರೋಗಿಗಳನ್ನು ಮುಟ್ಟುವಂತಿಲ್ಲ, ಹೊಸ ಹುಡುಗಿಗೆ ಕೆಲಸ ಕಲಿಸಿ ಕಾಲ ಕಳೆಯಬೇಕು. ಆ ಪತ್ರ ಟೈಪು ಮಾಡಿದವಳೂ ನಾನೇ. ಸಿಟ್ಟಿಗೆ ಬೇಕೆಂದೇ ಎರಡು ತಪ್ಪು ಬಿಟ್ಟೆ. ಡಾಕ್ಟರಮ್ಮ ತಿದ್ದಿ ವಾಪಸು ಕಳಿಸಿದರು.

ಮುಂದಿನ ವಾರ ಗುಂಡಿಯಮ್ಮನ ತಮ್ಮನನ್ನು ಕರೆಸಿದರು. ಅಷ್ಟರಲ್ಲಿ ಪೇಸ್ಟಕ್ಕನ ಗಂಟಲು ಸರಿಯಾಗಿತ್ತು. ಡಾಕ್ಟರಮ್ಮ ಹೇಳುತ್ತೇನೆಂದರೂ ಕೇಳದೆ ತಾನೇ ಕಾಗದ ಹಿಡಿದು ಅವನ ಮುಂದೆ ಕೂತಳು.

'ಇದು ನಿಮ್ಮ ದನಿ. ಚಿಕ್ಕದು, ಆದ್ರೆ ಇದೆ ನೋಡಿ. ಮೊದಲಿಂದಲೂ ಇತ್ತು.'

ಅವನು ಆ ದಿಬ್ಬದ ಮೇಲೆ ಬೆರಳಿಟ್ಟ. ಲಾರಿಯ ಗ್ರೀಸು ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

'ಇಲ್ಲ ಅಂದಿದ್ರಲ್ಲಮ್ಮ ನೀವೆಲ್ಲ. ಗೋಡೆಗೆ ಹೇಳಿದ ಹಾಗೆ ಅಂದ್ಕೊಂಡು ಬರೋದನ್ನೇ ಬಿಟ್ನಲ್ಲ ನಾನು. ಅಕ್ಕ ಕೇಳಿಸ್ಕೊಳ್ತಿದ್ಲಾ?'

'ಕೇಳಿಸ್ಕೊಳ್ತಿದ್ಲು. ನನ್ನ ದನಿ ನಿಮ್ಮ ದನೀನ ನುಂಗಿಬಿಟ್ಟಿತ್ತು. ತಪ್ಪು ನಂದು, ತಮ್ಮಾ. ಹೊಟ್ಟೆಗೆ ಹಾಕ್ಕೊಳಿ.'

ಅವನು ಬಯ್ಯುತ್ತಾನೆಂದು ನಾನು ಕಾದೆ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಅವನು ದೊಡ್ಡ ಬೆಟ್ಟವನ್ನು ತೋರಿಸಿ, 'ನಾನಿಲ್ಲದಾಗ ಯಾರೋ ಇದ್ರಲ್ಲ' ಎಂದಷ್ಟೇ ಹೇಳಿ ಮುಖ ಒರೆಸಿಕೊಂಡ. ನನಗೆ ಅಳು ಬಂತು, ಗೂಡಿಗೆ ಓಡಿಬಂದೆ.

ಪೇಸ್ಟಕ್ಕ ಅಲ್ಲಿಗೇ ಬಿಡಲಿಲ್ಲ. ಗುರುವಾರ ಅವನಿಗೆ ರಜೆ ಹಾಕಿಸಿದಳು. ತಲೆ ತೊಳೆಯುವುದನ್ನು ಮೊದಲು ನನ್ನ ತಲೆಯ ಮೇಲೆ ಕಲಿಸಿದಳು. ಸ್ಟೀರಿಂಗ್ ಹಿಡಿಯುವ ಕೈಯಿಂದ ತಿಕ್ಕಿಸಿಕೊಂಡ ನನ್ನ ಪಾಡು ಯಾರಿಗೂ ಬೇಡ. 'ಟಯರಲ್ಲಪ್ಪ, ತಲೆ ಅದು!' ಎಂದು ಕಿರುಚಿದೆ. ಆಮೇಲೆ ಗುಂಡಿಯಮ್ಮನನ್ನು ಕೂರಿಸಿದರು. ಪೇಸ್ಟಕ್ಕ ಬಾಗಿಲ ಹೊರಗೆ ನನ್ನ ಪಕ್ಕ ನಿಂತಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಒಳಗೆ ಗುಂಡಿಯಮ್ಮ ಮತ್ತೆ ಕುತ್ತಿಗೆ ಎತ್ತಿ ಹುಡುಕಿದಳು. ತಮ್ಮ ಕಂಗಾಲಾಗಿ ನಮ್ಮ ಕಡೆ ನೋಡಿದ.

ನಾನು ಪೇಸ್ಟಕ್ಕನ ಕೈ ಹಿಡಿದೆ. ಒಂದೇ ಮಾತು ಸಾಕಿತ್ತು, ಅವಳು ಬಾಯಿ ಬಿಟ್ಟಿದ್ದರೆ ಗುಂಡಿಯಮ್ಮ ತಲೆ ಒರಗಿಸುತ್ತಿದ್ದಳು. ಅವಳು ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ನಿಯಮ ಪಾಲಿಸಿದ್ದು ಅದೇ ಮೊದಲು. ತಮ್ಮನಿಗೆ ಕೈಸನ್ನೆ ಮಾಡಿ, ಮಾತಾಡು ಎಂದು ತುಟಿ ಆಡಿಸಿದಳು. ಅವನು ಗಂಟಲು ಸರಿಮಾಡಿಕೊಂಡು, ಹೋದ ವಾರ ಸೇತುವೆಯ ಮೇಲೆ ಲಾರಿ ಪಂಕ್ಚರಾದ ಕಥೆ ಶುರುಮಾಡಿದ. ಕಥೆಗೆ ತಲೆಬುಡ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಗುಂಡಿಯಮ್ಮನ ತಲೆ ಸಿಂಕಿಗೆ ಒರಗಿತು.

ಎಂಟು ತಿಂಗಳು ಅವನು ಗುರುವಾರ ತಪ್ಪಿಸಲಿಲ್ಲ, ದೂರದ ಓಡಾಟ ಬಿದ್ದಾಗ ಮಾತ್ರ ಮಾರನೇ ದಿನ ಬಂದ. ಪೇಸ್ಟಕ್ಕ ಬಾಗಿಲ ಹೊರಗೆ ಬಾಯಿಗೆ ಬೀಗ ಹಾಕಿ ನಿಲ್ಲುವುದನ್ನೂ ತಪ್ಪಿಸಲಿಲ್ಲ. ಹೇಳಬೇಕಾದ ಗುಟ್ಟುಗಳನ್ನೆಲ್ಲ ನನಗೆ ಹೇಳತೊಡಗಿದಳು. ಒಂದನ್ನೂ ಕ್ಯಾಂಟೀನಿಗೆ ಒಯ್ಯಲಿಲ್ಲ ನಾನು, ಆಣೆ.

ಅವಳ ಕೆಲಸದ ಕೊನೆಯ ವಾರ, ವರ್ಷ ತುಂಬುವ ಮೊದಲೇ, ಗುಂಡಿಯಮ್ಮನ ಪರೀಕ್ಷೆ ಇಟ್ಟರು. ಹೊಸ ಹುಡುಗಿ ತಂತಿ ಅಂಟಿಸಿದಳು. ಮೂರು ದನಿಗಳನ್ನೂ ಇನ್ನೊಂದು ಸಲ ಕೇಳಿಸಿ ಎಂದು ಡಾಕ್ಟರಮ್ಮ ಹೇಳಿದ್ದರು. ಮಧ್ಯಾಹ್ನ ಕಾಗದ ನನ್ನ ಮೇಜಿಗೆ ಬಂದಾಗ ಪೇಸ್ಟಕ್ಕನನ್ನು ಕರೆದೆ. ಆ ಮಬ್ಬು ಕೋಣೆಯಲ್ಲಿ, ಒರಗು ಕುರ್ಚಿಯ ಅಂಚಿನಲ್ಲಿ ಕೂತು ನೋಡಿದಳು. ತಮ್ಮನ ದಿಬ್ಬ ಎರಡರಷ್ಟು ಬೆಳೆದಿತ್ತು. ಅವಳ ಬೆಟ್ಟ ಅರ್ಧಕ್ಕಿಂತ ಕೆಳಗಿಳಿದಿತ್ತು.

ಬೆರಳಿನಿಂದ ತನ್ನ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು.

'ಇಳೀತು ನೋಡು, ಟೈಪಮ್ಮ.'

'ಹೂಂ, ಅಕ್ಕಾ.'

'ಇನ್ನೊಂದು ವರ್ಷಕ್ಕೆ ಪೂರ್ತಿ ಹೋಗುತ್ತೆ. ಆಗ ನಿಜವಾಗ್ಲೂ ಅಪರಿಚಿತಳಾಗ್ತೀನಿ. ದನಿ ಬದಲಾಯಿಸೋದೇ ಬೇಡ' ಎಂದು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಿಂದ ನೀರು ಸುರಿಯಿತು. ನಾನು ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಬಸ್ಸಿನಲ್ಲಿ ಆ ಬೆಳಿಗ್ಗೆ ನನ್ನ ಕಾಲು ತುಳಿದವನ ವಿಷಯ ಹೇಳಲು ಶುರುಮಾಡಿದೆ, ಅವಳು ಸುಮ್ಮನೆ ಕೇಳಿಸಿಕೊಂಡಳು.